ಶಂಕರ್ ನಾಗ್ (1954–1990): ಮಾಲ್ಗುಡಿಯನ್ನು ಮನೆಮನೆಗೆ ತಲುಪಿಸಿದ ಕಲಾವಿದ

ಕನ್ನಡ ರಂಗಭೂಮಿ, ಚಲನಚಿತ್ರ ಹಾಗೂ ದೂರದರ್ಶನ ಈ ಮೂರೂ ಕ್ಷೇತ್ರಗಳಲ್ಲಿ ಅತ್ಯಲ್ಪ ಅವಧಿಯಲ್ಲಿ ಗಣನೀಯ ಸಾಧನೆಗೈದವರಲ್ಲಿ ಶ್ರೀ ಶಂಕರ್ ನಾಗ್ ಅವರು ಪ್ರಮುಖರು. ಅವರು ಚಿತ್ರರಂಗದಲ್ಲಿ ಕಳೆದದ್ದು ಕೇವಲ 12 ವರ್ಷಗಳು. ಅವರು ನಿಧನರಾದ ನಂತರ ಹುಟ್ಟಿದ ಮಕ್ಕಳು ಇಂದು ತಂದೆ ತಾಯಿಯರಾಗಿದ್ದಾರೆ. ಆದರೂ ಅವರು ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ಈ ಪೀಳಿಗೆಯವರು ತಮ್ಮ ಮಕ್ಕಳೊಡನೆ ಮನೆಯಲ್ಲಿಯೇ ಕುಳಿತು ನೋಡುತ್ತಿದ್ದಾರೆ. ಹಳೆಯ ಚಿತ್ರಗಳನ್ನು ಹಾಗೂ ದೂರದರ್ಶನದ ಹಳೆಯ ಕಾರ್ಯಕ್ರಮಗಳನ್ನು ಅಂತರ್ಜಾಲದ ಮೂಲಕ ಅಥವಾ ಬಾಡಿಗೆ ಪಾವತಿಸಿ ಮನೆಯಲ್ಲಿ ವೀಕ್ಷಿಸುವ ಸೌಲಭ್ಯ ಬಂದಿರುವ ಈ ಕಾಲದಲ್ಲಿ, ಒಬ್ಬ ಕಲಾವಿದನ ಕೆಲಸದಲ್ಲಿ ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದನ್ನು ತಿಳಿಯಲು ಶಂಕರ್ ನಾಗ್ ಅವರ ಜೀವನವು ಉತ್ತಮ ನಿದರ್ಶನವಾಗಿದೆ.

ಶಂಕರ್ ನಾಗ್ ಅವರು ದಿನಾಂಕ 9-11-1954ರಂದು ಈಗಿನ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನಲ್ಲಿ ಜನಿಸಿದರು. ಆ ಪ್ರದೇಶವು ಆಗ ಮುಂಬಯಿ ರಾಜ್ಯಕ್ಕೆ ಸೇರಿದ್ದು, 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾದಾಗ ಮೈಸೂರು ರಾಜ್ಯದಲ್ಲಿ ವಿಲೀನಗೊಂಡಿತು. ಅವರ ಪೂರ್ಣ ಹೆಸರು ಶಂಕರ್ ನಾಗರಕಟ್ಟೆ. ಮನೆಮಾತು ಕೊಂಕಣಿ. ಖ್ಯಾತ ನಟ ಶ್ರೀ ಅನಂತ್ ನಾಗ್ ಅವರು ಇವರ ಹಿರಿಯ ಸಹೋದರರು. ಕೊಂಕಣಿ, ಕನ್ನಡ, ಮರಾಠಿ, ಹಿಂದಿ ಮತ್ತು ಇಂಗ್ಲಿಷ್ ಭಾಷೆಗಳ ನಡುವೆ ಅವರು ಸಲೀಸಾಗಿ ಓಡಾಡಬಲ್ಲವರಾಗಿದ್ದುದು ಮುಂದೆ ಅವರಿಗೆ ಬಹಳವಾಗಿ ನೆರವಾಯಿತು.

ವಿದ್ಯಾಭ್ಯಾಸದ ನಂತರ ಮುಂಬಯಿಯಲ್ಲಿ ನೆಲೆಸಿದ್ದ ಅವರು ಬ್ಯಾಂಕ್ ನೌಕರಿಯಲ್ಲಿದ್ದುಕೊಂಡೇ ಮರಾಠಿ ರಂಗಭೂಮಿಯಲ್ಲಿ ತೊಡಗಿಸಿಕೊಂಡರು. ಹಗಲು ಲೆಕ್ಕಪತ್ರ, ಸಂಜೆ ತಾಲೀಮು ಎಂಬ ದಿನಚರಿ ಆ ಕಾಲದ ಮುಂಬಯಿಯ ಅನೇಕ ಹವ್ಯಾಸಿ ಕಲಾವಿದರದಾಗಿತ್ತು. ರಂಗಭೂಮಿಯಲ್ಲಿಯೇ ಅವರಿಗೆ ಸಹಕಲಾವಿದೆ ಅರುಂಧತಿ ರಾವ್ ಅವರ ಪರಿಚಯವಾಗಿ, ಮುಂದೆ ಇಬ್ಬರೂ ವಿವಾಹವಾದರು. ಚಾಫೇಕರ್ ಸಹೋದರರ ಕಥೆಯನ್ನಾಧರಿಸಿದ '22 ಜೂನ್ 1897' ಎಂಬ ಮರಾಠಿ ಚಿತ್ರದ ಬರವಣಿಗೆಯಲ್ಲಿಯೂ ಅವರು ಭಾಗಿಯಾಗಿದ್ದರು.

ಕನ್ನಡ ಚಿತ್ರರಂಗಕ್ಕೆ ಅವರನ್ನು ಕರೆತಂದವರು ಶ್ರೀ ಗಿರೀಶ್ ಕಾರ್ನಾಡ್ ಅವರು. 1978ರಲ್ಲಿ ತೆರೆಕಂಡ, ಕಾರ್ನಾಡರ ನಿರ್ದೇಶನದ 'ಒಂದಾನೊಂದು ಕಾಲದಲ್ಲಿ' ಚಿತ್ರದಲ್ಲಿ ಶಂಕರ್ ನಾಗ್ ಅವರು ಕೂಲಿಗಾಗಿ ಕಾದಾಡುವ ಗಂಡುಗಲಿ ಎಂಬ ಯೋಧನ ಪಾತ್ರವನ್ನು ನಿರ್ವಹಿಸಿದರು. ಎದುರಿಗೆ ಪೆರ್ಮಾಡಿಯಾಗಿ ಸುಂದರಕೃಷ್ಣ ಅರಸ್ ಅವರಿದ್ದರು. ಈ ಪಾತ್ರಕ್ಕಾಗಿ ಶಂಕರ್ ನಾಗ್ ಅವರು 1979ರ ಭಾರತ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿಗೆ ಭಾಜನರಾದರು. ಮೊದಲ ಚಿತ್ರದಲ್ಲಿಯೇ ಇಂತಹ ಮನ್ನಣೆ ದೊರೆತ ಕನ್ನಡ ನಟರು ವಿರಳ.

ಆದರೆ ಅವರು ಪ್ರಶಸ್ತಿ ಪಡೆಯುವ ಚಿತ್ರಗಳಿಗಷ್ಟೇ ಸೀಮಿತರಾಗಲಿಲ್ಲ. 'ಸೀತಾರಾಮು' (1979), 'ಆಟೋ ರಾಜ' (1980) ಮುಂತಾದ ಜನಪ್ರಿಯ ಚಿತ್ರಗಳಲ್ಲಿ ನಾಯಕನಟರಾಗಿ ಅಭಿನಯಿಸಿದರು. 'ಆಟೋ ರಾಜ'ದ ನಂತರ ರಾಜ್ಯದ ಆಟೋ ಚಾಲಕರು ಅವರನ್ನು ತಮ್ಮವರೆಂದೇ ಭಾವಿಸಿದರು. ಬೆಂಗಳೂರಿನಲ್ಲಿ ಮಾತ್ರವಲ್ಲದೆ ಸಣ್ಣ ಪಟ್ಟಣಗಳಲ್ಲಿಯೂ ಆಟೋಗಳ ಹಿಂಬದಿಯಲ್ಲಿ ಅವರ ಭಾವಚಿತ್ರವನ್ನೂ, ಆಟೋ ನಿಲ್ದಾಣಗಳಿಗೆ ಅವರ ಹೆಸರನ್ನೂ ಕಾಣಬಹುದು. ಒಟ್ಟಾರೆ ಸುಮಾರು 80 ಚಿತ್ರಗಳಲ್ಲಿ ಅವರು ನಟಿಸಿದರು. ಇವುಗಳಲ್ಲಿ ಹಲವು ಚಿತ್ರಗಳನ್ನು ಅವರು ನಟನೆಯ ಆಸೆಗಿಂತ ಬಂಡವಾಳದ ಅಗತ್ಯಕ್ಕಾಗಿ ಒಪ್ಪಿಕೊಂಡಂತೆ ತೋರುತ್ತದೆ. ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ನಾಟಕ, ನಿರ್ದೇಶನ ಮತ್ತು ಧ್ವನಿಮುದ್ರಣದ ಕೆಲಸಗಳಿಗೆ ತೊಡಗಿಸುವುದು ಅವರ ಪದ್ಧತಿಯಾಗಿತ್ತು.

ಅವರು ನಿರ್ದೇಶಿಸಿದ ಮೊದಲ ಚಿತ್ರ 'ಮಿಂಚಿನ ಓಟ' (1980). ಕಾರು ಕದಿಯುವ ಮೂವರ ಕಥೆಯ ಈ ಚಿತ್ರದಲ್ಲಿ ಅನಂತ್ ನಾಗ್, ಶಂಕರ್ ನಾಗ್ ಮತ್ತು ಲೋಕನಾಥ್ ಅವರು ಅಭಿನಯಿಸಿದ್ದು, ಹಲವು ರಾಜ್ಯ ಪ್ರಶಸ್ತಿಗಳು ಇದಕ್ಕೆ ದೊರೆತವು. ನಂತರ 'ಜನ್ಮ ಜನ್ಮದ ಅನುಬಂಧ' (1980) ಮತ್ತು 'ಗೀತಾ' (1981) ಚಿತ್ರಗಳನ್ನು ನಿರ್ದೇಶಿಸಿದರು. ಇಳಯರಾಜ ಅವರು ಸಂಗೀತ ನೀಡಿದ 'ಗೀತಾ' ಚಿತ್ರದ ಹಾಡುಗಳು ಇಂದಿಗೂ ರೇಡಿಯೋ, ಮೊಬೈಲ್ ಎಲ್ಲೆಡೆ ಕೇಳಿಬರುತ್ತವೆ. ಕುಡಿದು ಕಾರು ಓಡಿಸಿ ಬೀದಿಬದಿಯಲ್ಲಿ ಮಲಗಿದ್ದವರನ್ನು ಬಲಿ ಪಡೆಯುವ ಪ್ರಭಾವಿ ರಾಜಕಾರಣಿಯ ಮಗನ ಕಥೆಯುಳ್ಳ 'ಆಕ್ಸಿಡೆಂಟ್' ಚಿತ್ರವು ಸಾಮಾಜಿಕ ವಿಷಯಗಳ ವಿಭಾಗದಲ್ಲಿ ರಾಷ್ಟ್ರ ಪ್ರಶಸ್ತಿ ಗಳಿಸಿತು. ಡಾ. ರಾಜ್‌ಕುಮಾರ್ ಅವರು ನಟಿಸಿದ 'ಒಂದು ಮುತ್ತಿನ ಕಥೆ' (1987) ಅಮೆರಿಕದ ಲೇಖಕ ಜಾನ್ ಸ್ಟೈನ್‌ಬೆಕ್ ಅವರ ಕಿರುಕಾದಂಬರಿಯನ್ನು ಆಧರಿಸಿತ್ತು. ಕಡಲಿನಾಳದ ದೃಶ್ಯಗಳಿಂದಾಗಿ ಇದು ಗಮನ ಸೆಳೆಯಿತು.

ಚಿತ್ರರಂಗದ ಇಷ್ಟೆಲ್ಲ ಒತ್ತಡದ ನಡುವೆಯೂ ಅವರು ರಂಗಭೂಮಿಯನ್ನು ಬಿಡಲಿಲ್ಲ. ಅರುಂಧತಿ ನಾಗ್ ಅವರೊಡನೆ 'ಸಂಕೇತ್' ತಂಡವನ್ನು ಕಟ್ಟಿ 'ಅಂಜುಮಲ್ಲಿಗೆ', 'ಬ್ಯಾರಿಸ್ಟರ್', 'ಸಂಧ್ಯಾ ಛಾಯಾ', 'ನೋಡಿ ಸ್ವಾಮಿ ನಾವಿರೋದು ಹೀಗೆ', 'ನಾಗಮಂಡಲ' ಮುಂತಾದ ನಾಟಕಗಳನ್ನು ರಂಗಕ್ಕೆ ತಂದರು. ಮರಾಠಿಯ ಜಯವಂತ ದಳವಿ ಅವರ ನಾಟಕಗಳು ಕನ್ನಡದ ಪ್ರೇಕ್ಷಕರಿಗೆ ಹತ್ತಿರವಾದದ್ದು ಈ ಮೂಲಕವೇ. ಕನ್ನಡ ಚಿತ್ರಗಳ ಧ್ವನಿಮುದ್ರಣಕ್ಕಾಗಿ ಮದರಾಸಿಗೆ ಹೋಗಬೇಕಾಗಿದ್ದ ಆ ದಿನಗಳಲ್ಲಿ ಬೆಂಗಳೂರಿನಲ್ಲಿ 'ಸಂಕೇತ್ ಎಲೆಕ್ಟ್ರಾನಿಕ್ಸ್' ಎಂಬ ಧ್ವನಿಮುದ್ರಣ ಕೇಂದ್ರವನ್ನೂ ಸ್ಥಾಪಿಸಿದರು. ಬೆಂಗಳೂರಿಗೆ ಮೆಟ್ರೋ ರೈಲು, ನಂದಿಬೆಟ್ಟಕ್ಕೆ ರೋಪ್‌ವೇ, ಬಡವರಿಗೆ ಕಡಿಮೆ ವೆಚ್ಚದ ಸಿದ್ಧ ಮನೆಗಳು ಇತ್ಯಾದಿ ಯೋಜನೆಗಳ ಬಗ್ಗೆ ಅವರಿಗಿದ್ದ ಆಸಕ್ತಿ ಸರ್ವವಿದಿತ.

ಈ ಹಂತದಲ್ಲಿ ದೂರದರ್ಶನದ ಪರಿಸ್ಥಿತಿಯನ್ನು ಸ್ವಲ್ಪ ವಿವರಿಸುವುದು ಸೂಕ್ತ. 1982ರ ಏಷ್ಯನ್ ಕ್ರೀಡಾಕೂಟದ ವೇಳೆಗೆ ಭಾರತದಲ್ಲಿ ಬಣ್ಣದ ಪ್ರಸಾರ ಆರಂಭವಾಯಿತು. ಬೆಂಗಳೂರು ದೂರದರ್ಶನ ಕೇಂದ್ರವು ಅದಕ್ಕೆ ಒಂದು ವರ್ಷ ಮೊದಲು, 1981ರಲ್ಲಿ ಪ್ರಾರಂಭವಾಗಿತ್ತು. 1984ರಲ್ಲಿ 'ಹಮ್ ಲೋಗ್' ಧಾರಾವಾಹಿಯೊಡನೆ ಪ್ರಾಯೋಜಿತ ಧಾರಾವಾಹಿಗಳ ಕಾಲ ಬಂದಿತು. ದೇಶಕ್ಕೆಲ್ಲ ಇದ್ದುದು ಒಂದೇ ವಾಹಿನಿಯಾದ್ದರಿಂದ ಒಂದು ಒಳ್ಳೆಯ ಧಾರಾವಾಹಿ ಒಂದೇ ವಾರದಲ್ಲಿ ದೇಶದ ಮಾತಾಗುತ್ತಿತ್ತು. ಟಿವಿ ಇಲ್ಲದವರು ಪಕ್ಕದ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕುಳಿತು ನೋಡುತ್ತಿದ್ದರು.

ಇಂತಹ ಸಂದರ್ಭದಲ್ಲಿ ನಿರ್ಮಾಪಕ ಶ್ರೀ ಟಿ.ಎಸ್. ನರಸಿಂಹನ್ ಅವರು ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಧಾರಾವಾಹಿಯಾಗಿ ನಿರ್ಮಿಸಲು ಮುಂದಾಗಿ, ನಿರ್ದೇಶನದ ಹೊಣೆಯನ್ನು ಶಂಕರ್ ನಾಗ್ ಅವರಿಗೆ ವಹಿಸಿದರು. ಇದು ಸುಲಭದ ಹೊಣೆಯಾಗಿರಲಿಲ್ಲ. ಮೈಸೂರಿನಲ್ಲಿ ನೆಲೆಸಿದ್ದ ನಾರಾಯಣ್ ಅವರು ತಮ್ಮ 'ದಿ ಗೈಡ್' ಕಾದಂಬರಿಯು 1965ರಲ್ಲಿ ಹಿಂದಿ ಚಿತ್ರವಾದಾಗ ತೀವ್ರವಾಗಿ ನೊಂದುಕೊಂಡಿದ್ದರು. ಚಿತ್ರವು ಭಾರಿ ಯಶಸ್ಸು ಗಳಿಸಿದರೂ, ತಾವು ಕಟ್ಟಿದ ಸಣ್ಣ ಊರು ಮಾಲ್ಗುಡಿಯು ತೆರೆಯ ಮೇಲೆ ಕಣ್ಮರೆಯಾಗಿ ಉತ್ತರ ಭಾರತದ ಅರಮನೆ, ಕೋಟೆಗಳು ಬಂದು ಕುಳಿತದ್ದು ಅವರಿಗೆ ಸರಿಬರಲಿಲ್ಲ. ಆ ಬೇಸರವನ್ನು ಅವರು ಪ್ರತ್ಯೇಕ ಪ್ರಬಂಧವಾಗಿಯೇ ಬರೆದರು. ಆದ್ದರಿಂದ ಶಂಕರ್ ನಾಗ್ ಅವರ ಮುಂದಿದ್ದ ಮೊದಲ ಪ್ರಶ್ನೆ ನಟರದ್ದಲ್ಲ, ಊರಿನದು. ನಕ್ಷೆಯಲ್ಲಿಲ್ಲದ, ಲಕ್ಷಾಂತರ ಓದುಗರು ಮನಸ್ಸಿನಲ್ಲಿ ಈಗಾಗಲೇ ಕಂಡಿರುವ ಊರನ್ನು ಎಲ್ಲಿ ಹುಡುಕುವುದು?

ಅವರು ಆಯ್ದುಕೊಂಡದ್ದು ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ. ದಕ್ಷಿಣದ ಚಿರಾಪುಂಜಿ ಎಂದು ಹೆಸರಾದ, ಮಳೆಗಾಲದಲ್ಲಿ ವಾರಗಟ್ಟಲೆ ಸೂರ್ಯನನ್ನು ಕಾಣದ ಊರಿನಲ್ಲಿ ಹೊರಾಂಗಣ ಚಿತ್ರೀಕರಣಕ್ಕೆ ನಿಲ್ಲುವುದು ವೆಚ್ಚದ ದೃಷ್ಟಿಯಿಂದ ವಿವೇಕದ ನಿರ್ಧಾರವೆಂದು ಯಾವ ಲೆಕ್ಕಿಗನೂ ಹೇಳಲಾರ. ಆದರೆ ಹಂಚಿನ ಮನೆಗಳು, ಜಗಲಿಗಳು, ಒಂದೇ ಒಂದು ಪೇಟೆಬೀದಿ, ವಿದ್ಯುತ್ ತಂತಿ ಮತ್ತು ಸಿಮೆಂಟ್ ಕಟ್ಟಡಗಳ ಗಲಾಟೆಯಿಲ್ಲದ ನೋಟ ಇವೆಲ್ಲ ಅಲ್ಲಿ ಸಿದ್ಧವಾಗಿದ್ದವು. ಕಟ್ಟಬೇಕಾದದ್ದಕ್ಕಿಂತ ಇದ್ದದ್ದು ಹೆಚ್ಚು. ಕಲಾ ನಿರ್ದೇಶಕ ಜಾನ್ ದೇವರಾಜ್ ಅವರು ಊರಿನ ನಡುವೆ ಸರ್ ಫ್ರೆಡರಿಕ್ ಲಾಲಿಯ ಕುದುರೆ ಸವಾರಿಯ ಪ್ರತಿಮೆಯನ್ನು ನಿಲ್ಲಿಸಿದರು. ಆಗುಂಬೆಯ ದೊಡ್ಡಮನೆಯ ಅಂಗಳ ಮತ್ತು ಕಂಬಗಳು ಹಲವು ಕಥೆಗಳಿಗೆ ಆಶ್ರಯ ನೀಡಿದವು. ರೈಲು ನಿಲ್ದಾಣದ ದೃಶ್ಯಗಳಿಗೆ ಅದೇ ಜಿಲ್ಲೆಯ ಅರಸಾಳು ನಿಲ್ದಾಣವನ್ನು ಬಳಸಿಕೊಳ್ಳಲಾಯಿತು. ಎಸ್. ರಾಮಚಂದ್ರ ಅವರು ಛಾಯಾಗ್ರಹಣ ನಿರ್ವಹಿಸಿದರು. ಎಲ್. ವೈದ್ಯನಾಥನ್ ಅವರು ರಚಿಸಿದ ಶೀರ್ಷಿಕೆ ಸಂಗೀತ ಮತ್ತು ನಾರಾಯಣ್ ಅವರ ಸಹೋದರ ಆರ್.ಕೆ. ಲಕ್ಷ್ಮಣ್ ಅವರು ಬರೆದ ರೇಖಾಚಿತ್ರಗಳನ್ನು ಪ್ರತ್ಯೇಕವಾಗಿ ಪರಿಚಯಿಸುವ ಅಗತ್ಯವಿಲ್ಲ.

ಸ್ವಾಮಿಯ ಪಾತ್ರಕ್ಕೆ ಮಾಸ್ಟರ್ ಮಂಜುನಾಥ್, ತಂದೆಯ ಪಾತ್ರಕ್ಕೆ ಗಿರೀಶ್ ಕಾರ್ನಾಡ್, ತಾಯಿಯ ಪಾತ್ರಕ್ಕೆ ವೈಶಾಲಿ ಕಾಸರವಳ್ಳಿ ಆಯ್ಕೆಯಾದರು. ಮಿಠಾಯಿ ವ್ಯಾಪಾರಿ ಜಗನ್ ಆಗಿ ಅನಂತ್ ನಾಗ್, ತಿಂಗಳಿಗೆ 45 ರೂಪಾಯಿ ಸಂಬಳದ ಗುಮಾಸ್ತನಾಗಿ ವಿಷ್ಣುವರ್ಧನ್ ಅಭಿನಯಿಸಿದರು. ತೆರೆಯ ಮೇಲೆ ಹತ್ತಾರು ಖಳರನ್ನು ಸದೆಬಡಿಯುತ್ತಿದ್ದ ನಟರೊಬ್ಬರು, ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುವುದಾಗಿ ಕೊಟ್ಟ ಮಾತನ್ನು ಕಚೇರಿಯ ಕೆಲಸದಿಂದಾಗಿ ಉಳಿಸಿಕೊಳ್ಳಲಾಗದ ಗುಮಾಸ್ತನಾಗಿ ಕುಗ್ಗಿ ನಿಂತದ್ದನ್ನು, ಕಚೇರಿಗಳಲ್ಲಿ ದುಡಿಯುವ ಎಲ್ಲರೂ ಒಮ್ಮೆಯಾದರೂ ನೋಡತಕ್ಕದ್ದು. ಜನಪ್ರಿಯ ನಟರನ್ನು ಕರೆತಂದರೂ ಕಥೆಗಿಂತ ಯಾರನ್ನೂ ದೊಡ್ಡವರನ್ನಾಗಿ ತೋರಿಸದಿರುವುದು ಶಂಕರ್ ನಾಗ್ ಅವರ ನಿರ್ದೇಶನದ ಗುಣ.

ಮೊದಲ 13 ಕಂತುಗಳನ್ನು ಇಂಗ್ಲಿಷ್ ಮತ್ತು ಹಿಂದಿ ಎರಡೂ ಭಾಷೆಗಳಲ್ಲಿ ತಯಾರಿಸಲಾಯಿತು. ಉಳಿದವುಗಳನ್ನು ಹಿಂದಿಯಲ್ಲಿ ಮಾತ್ರ ತಯಾರಿಸಲಾಯಿತು. ಶಂಕರ್ ನಾಗ್ ಅವರು ನಿರ್ದೇಶಿಸಿದ ಕಂತುಗಳ ಒಟ್ಟು ಸಂಖ್ಯೆ 39. ಕಂತೊಂದಕ್ಕೆ ಸುಮಾರು 22 ನಿಮಿಷದಂತೆ ಲೆಕ್ಕ ಹಾಕಿದರೆ ಒಟ್ಟು ಸುಮಾರು 14 ಗಂಟೆ 18 ನಿಮಿಷಗಳಾಗುತ್ತವೆ. ಅಂದರೆ ಐದಾರು ಚಲನಚಿತ್ರಗಳಷ್ಟು ಕೆಲಸ. ಇದನ್ನು ಅವರು ಬೇರೆ ಚಿತ್ರಗಳಲ್ಲಿ ನಾಯಕರಾಗಿ ನಟಿಸುತ್ತಲೇ, ಬೆಂಗಳೂರು ಮತ್ತು ಮಲೆನಾಡಿನ ನಡುವೆ ಓಡಾಡುತ್ತಲೇ ಪೂರೈಸಿದರು. 1986ರಲ್ಲಿ ಪ್ರಸಾರ ಆರಂಭವಾದಾಗ ದೇಶದಾದ್ಯಂತ ಮನ್ನಣೆ ದೊರೆಯಿತು. ನಾರಾಯಣ್ ಅವರಿಗೂ ಈ ಬಾರಿ ಸಮಾಧಾನವಾಯಿತು. ಆದರೆ ಕನ್ನಡದ ನೆಲದಲ್ಲಿ, ಬಹುಪಾಲು ಕನ್ನಡದ ಕಲಾವಿದರಿಂದಲೇ ತಯಾರಾದ ಈ ಧಾರಾವಾಹಿಯಲ್ಲಿ ಕನ್ನಡದ ಮಾತು ಮಾತ್ರ ಇರಲಿಲ್ಲ. ಈ ಕೊರತೆ ಮೂರು ದಶಕಗಳಿಗೂ ಹೆಚ್ಚು ಕಾಲ ಉಳಿದು, 2020ರಲ್ಲಿ ಕನ್ನಡ ಧ್ವನಿಯೊಡನೆ ಕಿರುತೆರೆಯಲ್ಲಿ ಪ್ರಸಾರವಾದಾಗ ನೀಗಿತು.

ದಿನಾಂಕ 30-9-1990ರಂದು 'ಜೋಕುಮಾರಸ್ವಾಮಿ' ಚಿತ್ರದ ಕೆಲಸಕ್ಕಾಗಿ ಕುಟುಂಬದೊಡನೆ ಉತ್ತರ ಕರ್ನಾಟಕದ ಕಡೆಗೆ ಪ್ರಯಾಣಿಸುತ್ತಿದ್ದಾಗ, ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ದಾವಣಗೆರೆ ಸಮೀಪದ ಆನಗೋಡು ಬಳಿ ಸಂಭವಿಸಿದ ರಸ್ತೆ ಅಪಘಾತದಲ್ಲಿ ಶಂಕರ್ ನಾಗ್ ಅವರು ನಿಧನರಾದರು. ಜೊತೆಯಲ್ಲಿದ್ದ ಪತ್ನಿ ಮತ್ತು ಪುತ್ರಿ ಬದುಕುಳಿದರು. ಅವರಿಗೆ ಆಗ 36 ವರ್ಷವೂ ತುಂಬಿರಲಿಲ್ಲ. ರಸ್ತೆಯ ಸಾವುನೋವಿನ ಬಗ್ಗೆ ಚಿತ್ರ ನಿರ್ದೇಶಿಸಿದವರೇ ರಸ್ತೆಯಲ್ಲಿ ಕೊನೆಯುಸಿರೆಳೆದದ್ದನ್ನು ಜನರು ಮರೆತಿಲ್ಲ.

ಅವರ ನಂತರ ಉಳಿದದ್ದೇನು ಎಂಬುದನ್ನು ನೋಡಿದರೆ ಚಿತ್ರ ಮಿಶ್ರವಾಗಿದೆ. ರಂಗದ ಮೇಲಿನ ಅವರ ಅಭಿನಯ ನೋಡಿದವರ ನೆನಪಿನಲ್ಲಿ ಮಾತ್ರ ಇದೆ. ಚಲನಚಿತ್ರಗಳದು ಬೇರೆಯೇ ಕಥೆ. ಆ ಕಾಲದ ಬಣ್ಣದ ಪ್ರತಿಗಳನ್ನು ತಂಪಾದ, ಒಣ ಕೊಠಡಿಯಲ್ಲಿ ಇಡದಿದ್ದರೆ ನೀಲಿ ಮತ್ತು ಹಸಿರು ಬೇಗ ಮಾಸಿ ಇಡೀ ಚಿತ್ರ ಕೆಂಪು ಛಾಯೆಗೆ ತಿರುಗುತ್ತದೆ. ಊರೂರು ಸುತ್ತಿದ ಪ್ರತಿಗಳು ಗೀರುಬಿದ್ದು, ತುಂಡಾದ ಕಡೆ ಅಂಟಿಸಲ್ಪಟ್ಟು, ದೃಶ್ಯಗಳನ್ನೇ ಕಳೆದುಕೊಂಡಿರುತ್ತವೆ. ಹಳೆಯ ಕನ್ನಡ ಚಿತ್ರಗಳು ಇಂದು ಮನೆಯ ಪರದೆಯ ಮೇಲೆ ಮಸುಕಾಗಿ ಕಾಣುವುದಕ್ಕೆ ಇದೇ ಮುಖ್ಯ ಕಾರಣ. ಎಷ್ಟೋ ಚಿತ್ರಗಳು ಮೂಲ ನೆಗೆಟಿವ್‌ನಿಂದಲ್ಲದೆ ಹಳೆಯ ವಿಡಿಯೋ ಕ್ಯಾಸೆಟ್‌ನಿಂದ ನಕಲಾಗಿ ಅಂತರ್ಜಾಲವನ್ನು ಸೇರಿವೆ. ಪುಣೆಯಲ್ಲಿ 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದರೂ, ಎಲ್ಲ ಭಾಷೆಗಳ ಎಲ್ಲ ಚಿತ್ರಗಳೂ ಅಲ್ಲಿಗೆ ತಲುಪಲಿಲ್ಲ.

'ಮಾಲ್ಗುಡಿ ಡೇಸ್' ಈ ಗತಿಯಿಂದ ಪಾರಾಯಿತು. ಅದು ಚಿತ್ರಮಂದಿರಕ್ಕಾಗಿ ಅಲ್ಲದೆ ಮನೆಯ ಪರದೆಗಾಗಿಯೇ ತಯಾರಾದದ್ದು. ಪ್ರಸಾರವಾದ ಮೇಲೂ ಬೇಡಿಕೆ ನಿಲ್ಲಲಿಲ್ಲ. ಮರುಪ್ರಸಾರ, ನಂತರ ಡಿವಿಡಿ, ನಂತರ ಅಂತರ್ಜಾಲ ಹೀಗೆ ಪ್ರತಿ ಹೊಸ ಮಾಧ್ಯಮಕ್ಕೂ ಅದು ದಾಟಿಕೊಂಡಿತು. ಎಂಬತ್ತರ ದಶಕದಲ್ಲಿ ಪೇಟೆಬೀದಿಯ ವಿಡಿಯೋ ಲೈಬ್ರರಿಯಿಂದ ಕ್ಯಾಸೆಟ್ಟನ್ನೂ, ಅನೇಕ ವೇಳೆ ಟಿವಿ ಮತ್ತು ವಿಸಿಆರ್‌ಗಳನ್ನೂ ಒಂದು ರಾತ್ರಿಯ ಬಾಡಿಗೆಗೆ ತಂದು ಬೆಳಗಿನವರೆಗೆ ಮೂರು ಚಿತ್ರ ನೋಡುತ್ತಿದ್ದ ಕುಟುಂಬಗಳಿಗೆ ಈಗಿನ ಸೌಲಭ್ಯ ಕನಸಿನಂತೆಯೇ ಸರಿ.

ಈ ಸೌಲಭ್ಯವನ್ನು ಬಳಸುವ ವೀಕ್ಷಕರು ಕೆಲವು ಅಂಶಗಳನ್ನು ಗಮನಿಸುವುದು ಒಳ್ಳೆಯದು. ಅಂತರ್ಜಾಲ ವೇದಿಕೆಗಳಲ್ಲಿ ಚಂದಾ ಮತ್ತು ಬಾಡಿಗೆ ಬೇರೆ ಬೇರೆ. ಚಂದಾದಾರರಾಗಿದ್ದರೂ ಕೆಲವು ಚಿತ್ರಗಳಿಗೆ ಪ್ರತ್ಯೇಕ ಬಾಡಿಗೆ ಇರುತ್ತದೆ. ಬಾಡಿಗೆ ಪಡೆದ ಚಿತ್ರವನ್ನು ಸಾಮಾನ್ಯವಾಗಿ 30 ದಿನಗಳೊಳಗೆ ನೋಡಲು ಆರಂಭಿಸಬೇಕು. ಆರಂಭಿಸಿದ ಮೇಲೆ ಬಹುತೇಕ 48 ಗಂಟೆಗಳೊಳಗೆ ಮುಗಿಸಬೇಕು. ಹಣ ಪಾವತಿಸುವ ಮೊದಲು ಈ ಅವಧಿಯನ್ನು ಓದಿಕೊಳ್ಳತಕ್ಕದ್ದು. ಯಾವ ಚಿತ್ರ ಯಾವ ವೇದಿಕೆಯಲ್ಲಿ ದೊರೆಯುತ್ತದೆ ಎಂಬುದು ಹಕ್ಕುಗಳ ಒಪ್ಪಂದದಂತೆ ಬದಲಾಗುತ್ತಿರುತ್ತದೆ. ಇಂದು ಇದ್ದದ್ದು ಮುಂದಿನ ತಿಂಗಳು ಇಲ್ಲದಿರಬಹುದು.

ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ಚಲನಚಿತ್ರದ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ ಜಾರಿಯಲ್ಲಿರುತ್ತದೆ. ಈ ಲೆಕ್ಕದಲ್ಲಿ 1980ರ 'ಮಿಂಚಿನ ಓಟ'ದ ಹಕ್ಕು 2040ರ ಅಂತ್ಯದವರೆಗೆ, 1986ರಲ್ಲಿ ಪ್ರಸಾರವಾದ ಕಂತುಗಳ ಹಕ್ಕು 2046ರ ಅಂತ್ಯದವರೆಗೆ ಇರುತ್ತದೆ. ಹಳೆಯ ಚಿತ್ರವೆಂದ ಮಾತ್ರಕ್ಕೆ ಯಾರು ಬೇಕಾದರೂ ಹಂಚಬಹುದೆಂಬ ತಿಳಿವಳಿಕೆ ಸರಿಯಲ್ಲ. ಹಕ್ಕುದಾರರಿಗೆ ಆದಾಯ ಬಂದರೆ ಮಾತ್ರ ಅವರು ಮೂಲ ಪ್ರತಿಯನ್ನು ಶುಚಿಗೊಳಿಸಿ ಹೊಸದಾಗಿ ಪರಿವರ್ತಿಸುವ ವೆಚ್ಚಕ್ಕೆ ಮುಂದಾಗುತ್ತಾರೆ.

ಇನ್ನೊಂದು ಸಣ್ಣ ವಿಷಯ. ಆ ಕಾಲದ ಟಿವಿ ಪರದೆಯ ಅಗಲ ಮತ್ತು ಎತ್ತರ 4:3 ಪ್ರಮಾಣದಲ್ಲಿತ್ತು. ಈಗಿನ ಟಿವಿಗಳು 16:9. ಪರದೆ ತುಂಬಬೇಕೆಂದು ಚಿತ್ರವನ್ನು ಎಳೆದು ಹಿಗ್ಗಿಸಿದರೆ ಸ್ವಾಮಿಯ ಮುಖ ಊದಿಕೊಂಡಂತೆ ಕಾಣುತ್ತದೆ. ಮೇಲೆ ಕೆಳಗೆ ಕತ್ತರಿಸಿದರೆ ಆಗುಂಬೆಯ ಮಾಡುಗಳೂ ನೆಲದ ಮೇಲಿನ ಮಕ್ಕಳ ಕಾಲುಗಳೂ ಕಾಣೆಯಾಗುತ್ತವೆ. ಟಿವಿಯ ಸೆಟ್ಟಿಂಗ್‌ನಲ್ಲಿ 4:3 ಆಯ್ಕೆ ಮಾಡಿ, ಎರಡೂ ಬದಿಯ ಕಪ್ಪು ಪಟ್ಟಿಗಳನ್ನು ಹಾಗೆಯೇ ಬಿಡುವುದು ಉತ್ತಮ. ಶಂಕರ್ ನಾಗ್ ಮತ್ತು ರಾಮಚಂದ್ರ ಅವರು ಚೌಕಟ್ಟನ್ನು ಕಟ್ಟಿದ್ದು ಅದೇ ಅಳತೆಗೆ.

ಹೊಸಬರು ಎಲ್ಲಿಂದ ಆರಂಭಿಸಬೇಕೆಂದರೆ, ಮಕ್ಕಳಿದ್ದ ಮನೆಯವರು ಸ್ವಾಮಿಯ ಕಂತುಗಳಿಂದ, ಹಿರಿಯರು ಮಿಠಾಯಿ ವ್ಯಾಪಾರಿಯ ಕಂತುಗಳಿಂದ ಆರಂಭಿಸಬಹುದು. ಬೆಳೆದ ಮಗನೊಡನೆ ಮಾತು ಹೊಂದದ ತಂದೆಯ ಆ ಕಥೆ ಈ ಕಾಲದ್ದೇ ಎನ್ನಿಸುತ್ತದೆ. ಅನಂತರ 'ಮಿಂಚಿನ ಓಟ' ಮತ್ತು 'ಆಕ್ಸಿಡೆಂಟ್' ನೋಡಿದರೆ, ಒಬ್ಬರೇ ನಿರ್ದೇಶಕರು ಊರಿನ ನಿಧಾನವನ್ನೂ ನಗರದ ವೇಗವನ್ನೂ ಹಿಡಿದ ಬಗೆ ತಿಳಿಯುತ್ತದೆ.

2004ರಲ್ಲಿ ಅರುಂಧತಿ ನಾಗ್ ಅವರ ಪರಿಶ್ರಮದಿಂದ ಬೆಂಗಳೂರಿನ ಜೆ.ಪಿ. ನಗರದಲ್ಲಿ 'ರಂಗ ಶಂಕರ' ರಂಗಮಂದಿರ ಆರಂಭವಾಯಿತು. 2006ರಲ್ಲಿ ಕವಿತಾ ಲಂಕೇಶ್ ಅವರ ನಿರ್ದೇಶನದಲ್ಲಿ 'ಮಾಲ್ಗುಡಿ ಡೇಸ್'ನ ಇನ್ನೂ 15 ಕಂತುಗಳು ತಯಾರಾಗಿ ಒಟ್ಟು ಸಂಖ್ಯೆ 54ಕ್ಕೆ ಏರಿತು. ಅರಸಾಳು ನಿಲ್ದಾಣದ ಹಳೆಯ ಕಟ್ಟಡವನ್ನು ರೈಲ್ವೆ ಇಲಾಖೆಯು ಜಾನ್ ದೇವರಾಜ್ ಅವರ ನೆರವಿನಿಂದಲೇ ದುರಸ್ತಿಗೊಳಿಸಿ, 2020ರಲ್ಲಿ ಮಾಲ್ಗುಡಿ ವಸ್ತು ಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ತೆರೆಯಿತು.